ಇಲ್ಲಿ ಯಾರೂ ಸತ್ತಿಲ್ಲ ದೋಸ್ತ

ಬೆಂಗಳೂರಿಂದ ಬೆಳಗಾವಿಗೆ ಬಂದ ನೀನು ಮರಾಠಿ ಪೇಪರ್ ಕೈಗೆತ್ತಿಕೊಂಡು, "ಹಿಂದಿ ಲಿಪಿನೇ ಅಲ್ವಾ, ಓದ್ತೀನಿ" ಅಂದೆ. ಆಮೇಲೆ ಕೇಳಿದೆ: "ರಸ್ತೆ ಗುಂಡಿಗೆ ಯಾಕೋ ನಾಗರಿಕರ ಸಂತಾಪ? ಯಾರು ಹೋಗ್ಬಿಟ್ರು?"

ಯಾರೂ ಹೋಗಿಲ್ಲ. ಮರಾಠಿಯಲ್ಲಿ ಸಂತಾಪ ಅಂದರೆ ಸಿಟ್ಟು. ಸಣ್ಣ ಸಿಟ್ಟಲ್ಲ, ನೆತ್ತಿಗೇರಿದ ಸಿಟ್ಟು. ನಾವು ಕೆಂಡಾಮಂಡಲ ಅನ್ನುತ್ತೇವಲ್ಲ, ಆ ಮಟ್ಟದ್ದು. ಸಾಧಾರಣ ಸಿಟ್ಟಿಗೆ ಅವರು ರಾಗ ಅನ್ನುತ್ತಾರೆ. "ರಾಗ ಆಲಾ ಕಾ?" ಅಂದರೆ ಸಿಟ್ಟು ಬಂತಾ ಅಂತ, ಹಾಡು ಹೇಳು ಅಂತಲ್ಲ. ಮೈ ಉರಿದರೆ ಚೀಡ. ಅದೂ ಮೀರಿದರೆ ಸಂತಾಪ.

ಸಿಟ್ಟೆದ್ದ ಜನರ ಗುಂಪಿಗೆ ಅವರ ಪೇಪರಿನಲ್ಲಿ 'ಸಂತಪ್ತ ಜಮಾವ' ಅಂತ ಬರುತ್ತದೆ. ನಮ್ಮ ಪೇಪರಿನಲ್ಲಿ 'ಸಂತಪ್ತ ಕುಟುಂಬ' ಅಂದರೆ ಮನೆಯವರನ್ನು ಕಳೆದುಕೊಂಡವರು. ಕುಟುಂಬದವರ ಹತ್ತಿರ ಹೋಗಿ ಎರಡು ಸಮಾಧಾನದ ಮಾತು ಹೇಳಬೇಕು. ಜಮಾವ ಕಂಡರೆ ಬೈಕ್ ತಿರುಗಿಸಬೇಕು! ಸಂಸ್ಕೃತದಲ್ಲಿ ಈ ಪದಕ್ಕೆ ಬಿಸಿ, ಬೇಗೆ ಅನ್ನೋ ಅರ್ಥ. ನಾವು ಆ ಬೇಗೆಯನ್ನು ದುಃಖಕ್ಕೆ ಇಟ್ಟುಕೊಂಡೆವು, ಅವರು ಸಿಟ್ಟಿಗೆ.

ನಿನಗೆ ಇದು ಒಂದು ದಿನದ ತಮಾಷೆ. ನಮಗೆ ದಿನಾ ಇದೇ ಪಂಚಾಯ್ತಿ. ನಮ್ಮ ಓಣಿಯ ಮೂಲೆಯಲ್ಲಿ ಹಿರಿಯರೊಬ್ಬರ ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿದ್ದರು. ಫೋಟೋ, ಮಲ್ಲಿಗೆ ಹಾರ, ಕೆಳಗೆ ದಪ್ಪಕ್ಷರದಲ್ಲಿ 'ಗೆಳೆಯರ ಬಳಗದಿಂದ ತೀವ್ರ ಸಂತಾಪ'. ಪಕ್ಕದ ಮನೆ ಕಾಕು, ಅಂದರೆ ಆಂಟಿ, ಮರಾಠಿಯವರು, ಕನ್ನಡ ಅಕ್ಷರ ಕೂಡಿಸಿ ಓದುತ್ತಾರೆ. ಓದಿ ಮುಗಿಸಿ ನನ್ನನ್ನು ಕರೆದರು. "ಪಾಪ, ಹ್ವಾದಾವರ ಮ್ಯಾಲ ಯಾಕ ಇಷ್ಟ ಸಿಟ್ಟರಿ?" ನಗುವ ಹಾಗಿಲ್ಲ, ಸತ್ತವರ ಮಗ ಅಲ್ಲೇ ನಿಂತಿದ್ದ. ಇನ್ನು ಮಹಾರಾಷ್ಟ್ರದ ಕಡೆಯ ನೆಂಟರು ಫ್ಯಾಮಿಲಿ ಗ್ರೂಪಿಗೆ 'ಸಂತಾಪಜನಕ' ಅಂತ ಒಂದು ಸುದ್ದಿ ಹಾಕಿದರೆ ಸಾಕು, ಧಾರವಾಡದ ನೆಂಟರು ಒಬ್ಬರಾದ ಮೇಲೊಬ್ಬರು 'ಓಂ ಶಾಂತಿ' ಹಾಕುತ್ತಾರೆ. ಬಿಡಿಸಿ ಹೇಳೋ ಕೆಲಸ ಮಾತ್ರ ನನ್ನದೇ.

ಸುವರ್ಣ ವಿಧಾನಸೌಧ ನೋಡಿದೆಯಲ್ಲ, 2012ರಲ್ಲಿ ಉದ್ಘಾಟನೆ ಆಗಿದ್ದು? ಅಲ್ಲಿ ಚಳಿಗಾಲದ ಅಧಿವೇಶನ ಶುರುವಾಗುವ ದಿನ ತೀರಿಹೋದ ಗಣ್ಯರಿಗೆ ಸಂತಾಪ ಸೂಚನೆ ಇರುತ್ತದೆ. ಅದೇ ದಿನ ಹೊರಗೆ, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಮಹಾಮೇಳಾವ, ಅಂದರೆ ದೊಡ್ಡ ಸಮಾವೇಶ, ಮಾಡಲು ಹೊರಡುತ್ತಾರೆ, ಪೊಲೀಸರು ಅಡ್ಡ ನಿಲ್ಲುತ್ತಾರೆ. ಒಳಗೆ ಕನ್ನಡದ ಸಂತಾಪ, ಹೊರಗೆ ಮರಾಠಿ ಸಂತಾಪ. ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡ ನಮ್ಮದು ಯಾವುದು ಅಂತ ನೀನೇ ಹೇಳು.

ಆದರೆ ಹೊರಡುವಾಗ "ನಿಮ್ಮದು ಕಲಬೆರಕೆ ಕನ್ನಡ ಬಿಡು" ಅಂದೆಯಲ್ಲ, ಅದು ಚುಚ್ಚಿತು. 1956ರಿಂದ ಈ ಊರು ಯಾರದು ಅಂತ ಮಾತು ನಡೆದೇ ಇದೆ. ಗಡಿ ವಿವಾದದ ಮಹಾಜನ ಆಯೋಗದ ವರದಿ 1967ರಲ್ಲೇ ಬಂತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ನಿಮಗೆ ನವೆಂಬರ್ 1 ಅಂದರೆ ಒಂದು ರಜೆ, ಜಾಸ್ತಿ ಅಂದರೆ ಸ್ಟೇಟಸ್ಸಿಗೊಂದು ಬಾವುಟ. ಇಲ್ಲಿ ಅವತ್ತು ಚನ್ನಮ್ಮ ವೃತ್ತದಲ್ಲಿ ಕಾಲಿಡಲು ಜಾಗ ಇರಲ್ಲ. ಅದೇ ಊರಲ್ಲಿ ಅವತ್ತೇ ಕರಾಳ ದಿನ ಅಂತ ಕಪ್ಪು ಬಟ್ಟೆಯವರೂ ಇರುತ್ತಾರೆ. ಮರುದಿನ ಎಲ್ಲರೂ ಒಂದೇ ಅಂಗಡಿಯಲ್ಲಿ ಚಹಾ ಕುಡಿಯಬೇಕು. ಪಕ್ಕದವನ ಸಿಟ್ಟು ಅವನ ಮಾತಲ್ಲೇ ತಿಳಿಯದಿದ್ದರೆ ಇಲ್ಲಿ ಬದುಕು ನಡೆಯಲ್ಲ.

ಇನ್ನು ನಮ್ಮ ಕನ್ನಡದ ಸಿಟ್ಟು ಕೇಳಬೇಕಾ? "ತೆಲಿ ತಿನ್ನಬ್ಯಾಡ್ರಿ, ಸುಮ್ಮ ಹೋಗ್ರಿ!" ಕಣ್ಣು ಕೆಂಪಾದರೂ 'ರಿ' ಬಿಡಲ್ಲ. ನಿಮ್ಮ ಬೆಂಗಳೂರಲ್ಲಿ ಮೀಟರ್ ಹಾಕ್ರಿ ಅಂದಿದ್ದಕ್ಕೆ ಆಟೋದವನು ನನಗೆ ಅಂದಿದ್ದು ಏನು ಗೊತ್ತಾ? "ಇಳಿಯೋ ಗುರೂ."