ಎರಡು ಬಸ್ ಕಂಪನಿಗಳು ಒಂದಾದರೆ ಪ್ರಯಾಣಿಕರ ಗತಿಯೇನು?

ಪ್ರಶ್ನೆ: ನಮ್ಮ ಊರಿನಲ್ಲಿ ಓಡುತ್ತಿರುವ ಎರಡು ಬಸ್ ಕಂಪನಿಗಳ ಪೈಕಿ ದೊಡ್ಡದು ಚಿಕ್ಕದನ್ನು ಕೊಂಡುಕೊಳ್ಳುತ್ತಿದೆ. ಒಂದೇ ಪಾಸಿನಲ್ಲಿ ಎಲ್ಲ ಕಡೆ ಓಡಾಡಬಹುದು, ಸೇವೆ ಸುಧಾರಿಸುತ್ತದೆ, ಜನರ ಬಳಿ ಕಾರು ಇರುವಾಗ ಏಕಸ್ವಾಮ್ಯದ ಭಯವೇ ಬೇಡ ಎನ್ನುತ್ತಿದ್ದಾರೆ. ಇದನ್ನು ನಂಬಬಹುದೇ?

ಉತ್ತರ: ಕಂಪನಿಯವರು ಹೇಳುವ ಲಾಭ ಪೂರ್ತಿ ಸುಳ್ಳಲ್ಲ. ಆದರೆ ಅದನ್ನು ಒಪ್ಪುವ ಮೊದಲು ಇಡೀ ಊರಿನ ಲೆಕ್ಕವನ್ನು ಬದಿಗಿಟ್ಟು ಒಂದೊಂದೇ ಮಾರ್ಗವನ್ನು ಬಿಡಿಸಿ ನೋಡಬೇಕು. ಇಂತಹ ವಿಲೀನ ಪರಿಶೀಲನೆಗೆ ಬಂದಾಗ ಸ್ಪರ್ಧಾ ಪ್ರಾಧಿಕಾರಗಳೂ (ಮಾರುಕಟ್ಟೆಯಲ್ಲಿ ಪೈಪೋಟಿ ಉಳಿಯುವಂತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಗಳು) ಅಲ್ಲಿಂದಲೇ ಆರಂಭಿಸುತ್ತವೆ. ಆಸ್ಪತ್ರೆಗೆ ಹೋಗಬೇಕಾದವರಿಗೆ ಕಾರ್ಖಾನೆಯ ಕಡೆ ಹೋಗುವ ಬಸ್ಸಿನಿಂದ ಪ್ರಯೋಜನವಿಲ್ಲ. ಹಾಗಾಗಿ ಊರಿನ ಒಟ್ಟು ಬಸ್ಸುಗಳಲ್ಲಿ ಹೊಸ ಕಂಪನಿಯ ಪಾಲು ಅರ್ಧಕ್ಕಿಂತ ಕಡಿಮೆ ಇದ್ದರೂ ಆಸ್ಪತ್ರೆಯ ಮಾರ್ಗದಲ್ಲಿ ಅದೊಂದೇ ಉಳಿದಿರಬಹುದು.

ಅಂತಹ ಒಂದು ಮಾರ್ಗವನ್ನು ಊಹಿಸಿಕೊಳ್ಳಿ. ಮೊದಲ ಕಂಪನಿಯ ಬಸ್ಸುಗಳು 8.00, 8.20, 8.40ಕ್ಕೆ ಹೊರಡುತ್ತವೆ, ಎರಡನೆಯದರ ಬಸ್ಸುಗಳು 8.10, 8.30, 8.50ಕ್ಕೆ. ನಿಲ್ದಾಣಕ್ಕೆ ಬಂದವರಿಗೆ 10 ನಿಮಿಷಕ್ಕೊಂದು ಬಸ್ಸು ಸಿಗುತ್ತದೆ. ಇವರಲ್ಲಿ ಒಬ್ಬರು ಒಂದು ಟ್ರಿಪ್ ಕೈಬಿಟ್ಟರೆ ಅದರ ಪ್ರಯಾಣಿಕರೆಲ್ಲ ಎದುರಾಳಿಯ ಬಸ್ಸು ಹತ್ತುತ್ತಾರೆ. ಈ ಅಂಜಿಕೆಯಿಂದಲೇ ಇಬ್ಬರೂ ಟ್ರಿಪ್ ಕಡಿಮೆ ಮಾಡುವುದಿಲ್ಲ. ಎರಡೂ ಒಂದಾದ ಮೇಲೆ ಗಂಟೆಗೆ 6 ಟ್ರಿಪ್‌ಗಳ ಬದಲು 4 ಓಡಿಸಿದರೆ ಕಾಯುವ ಅಂತರ 15 ನಿಮಿಷವಾಗುತ್ತದೆ, ಕಾದವರು ಹತ್ತುವುದು ಮಾತ್ರ ಅದೇ ಕಂಪನಿಯ ಬಸ್ಸನ್ನು. ಆದಾಯ ಹೆಚ್ಚೇನೂ ಇಳಿಯದೆ ಎರಡು ಟ್ರಿಪ್‌ಗಳ ಇಂಧನ ಮತ್ತು ಸಿಬ್ಬಂದಿ ವೆಚ್ಚ ಉಳಿಯುತ್ತದೆ. ದರಪಟ್ಟಿಯಲ್ಲಿ ಒಂದಂಕಿಯೂ ಬದಲಾಗದೆ ಪ್ರಯಾಣಿಕರಿಗೆ ಆಗುವ ನಷ್ಟ ಇದು. ಪ್ರಯಾಣದರವನ್ನು ಸರ್ಕಾರವೇ ನಿಗದಿಪಡಿಸುವ ಕಡೆಗಳಲ್ಲಂತೂ ವಿಲೀನದ ಪೆಟ್ಟು ಮೊದಲು ಬೀಳುವುದು ವೇಳಾಪಟ್ಟಿಯ ಮೇಲೆ. ‘ದರ ಏರಿಸುವುದಿಲ್ಲ’ ಎಂಬ ಭರವಸೆ ಸಿಕ್ಕಿತೆಂದು ಸುಮ್ಮನಾಗಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಹಾಗೆಂದು ಎಲ್ಲ ಪೈಪೋಟಿಯೂ ಪ್ರಯಾಣಿಕರಿಗೆ ಹಿತವಲ್ಲ. ಎರಡನೆಯ ಕಂಪನಿಯ ಬಸ್ಸು 7.58, 8.18, 8.38ಕ್ಕೆ ಬಂದು ಎದುರಾಳಿಯ ಪ್ರಯಾಣಿಕರನ್ನು ಹತ್ತಿಸಿಕೊಂಡು ಹೋಗುವಂತಿದ್ದರೆ, ಬಸ್ಸುಗಳು ಎರಡಿದ್ದರೂ ಕಾಯುವ ಹೊತ್ತು ಹೆಚ್ಚುಕಡಿಮೆ 20 ನಿಮಿಷವೇ ಆಗುತ್ತದೆ. ಅಂತಹ ಮಾರ್ಗದಲ್ಲಿ ಒಬ್ಬರೇ ಸಮಯ ಹಂಚಿ ಓಡಿಸುವುದರಿಂದ ನಿಜವಾಗಿ ಒಳ್ಳೆಯದಾಗಬಹುದು. ಒಂದೇ ಪಾಸಿನ ವಿಷಯ ಬೇರೆ. ಅದಕ್ಕೆ ವಿಲೀನವೇ ಆಗಬೇಕೆಂದಿಲ್ಲ. ಬೇರೆ ಬೇರೆ ಕಂಪನಿಗಳು ಜಂಟಿ ಟಿಕೆಟ್ ನೀಡಲು ಅನುಕೂಲವಾಗುವಂತೆ ಬ್ರಿಟನ್ 2001ರಲ್ಲೇ ತನ್ನ ಸ್ಪರ್ಧಾ ಕಾನೂನಿನಲ್ಲಿ ವಿನಾಯಿತಿ ಕಲ್ಪಿಸಿದೆ. ಇನ್ನು ಕಾರಿನ ಮಾತು: ಕಾರು ಇರುವವರು ಬಸ್ಸು ಬಿಟ್ಟಾರು, ಆದರೆ ಶಾಲೆಯ ಮಕ್ಕಳು, ವೃದ್ಧರು, ಕಾರು ಕೊಳ್ಳಲಾಗದ ದುಡಿಯುವ ಜನ ಎಲ್ಲಿಗೆ ಹೋಗಬೇಕು? ಬಸ್ಸನ್ನೇ ನೆಚ್ಚಿಕೊಂಡವರು ಇವರು.

ಲಂಡನ್ ಹೊರತುಪಡಿಸಿ ಬ್ರಿಟನ್ನಿನ ಉಳಿದ ಕಡೆ ಸ್ಥಳೀಯ ಬಸ್ ಸೇವೆಯನ್ನು 1986ರಲ್ಲಿ ಮುಕ್ತ ಸ್ಪರ್ಧೆಗೆ ತೆರೆಯಲಾಯಿತು. ಅಲ್ಲಿನ ಸ್ಪರ್ಧಾ ಆಯೋಗ 2011ರಲ್ಲಿ ವಿಚಾರಣೆ ಮುಗಿಸಿದಾಗ ಸೇವೆಯ ಶೇ 69ರಷ್ಟು ಭಾಗ ಐದು ದೊಡ್ಡ ಸಂಸ್ಥೆಗಳ ಕೈಯಲ್ಲಿತ್ತು. ಒಂದೇ ಮಾರ್ಗದಲ್ಲಿ ನೇರ ಪೈಪೋಟಿ ವಿರಳ, ಇರುವ ಕಡೆ ಪ್ರಯಾಣಿಕರಿಗೆ ಅದರಿಂದ ಲಾಭವಿದೆ ಎಂಬುದು ಆಯೋಗದ ನಿಲುವಾಗಿತ್ತು. ಅಳಿದುಳಿದ ಒಂದು ಪೈಪೋಟಿ ನಿಮ್ಮ ಊರಿನಲ್ಲಿದ್ದರೆ ಅದನ್ನು ಸುಲಭವಾಗಿ ಬಿಟ್ಟುಕೊಡಬೇಡಿ.

ಪ್ರಶ್ನೆ: ಚಿಕ್ಕ ಕಂಪನಿ ನಷ್ಟದಲ್ಲಿದೆಯಂತೆ. ವಿಲೀನ ತಡೆದರೆ ಅದು ಮುಚ್ಚಿಹೋಗುವುದಿಲ್ಲವೇ? ಮುಂದೆ ತೊಂದರೆಯಾದರೆ ಹೊಸ ಕಂಪನಿ ಬರಬಹುದಲ್ಲ?

ಉತ್ತರ: ನಷ್ಟದಲ್ಲಿದೆ ಎಂದ ಮಾತ್ರಕ್ಕೆ ವಾದ ಗೆಲ್ಲುವುದಿಲ್ಲ. ಕಂಪನಿ ನಿಜಕ್ಕೂ ಮುಚ್ಚುವ ಹಂತದಲ್ಲಿದೆಯೇ, ನೇರ ಎದುರಾಳಿಯಲ್ಲದ ಬೇರೆ ಯಾರಾದರೂ ಅದನ್ನು ಕೊಳ್ಳಲು ಸಿದ್ಧರಿದ್ದಾರೆಯೇ, ಮುಚ್ಚಿದರೆ ಅದರ ಮಾರ್ಗಗಳನ್ನು ಯಾರು ವಹಿಸಿಕೊಳ್ಳುತ್ತಾರೆ ಎಂಬುದನ್ನೆಲ್ಲ ಪರಿಶೀಲಿಸಬೇಕು. ಜೊತೆಗೆ ನಷ್ಟ ಬಂದದ್ದು ಹೇಗೆಂದೂ ಕೇಳಬೇಕು. ಇಂಗ್ಲೆಂಡಿನ ಡಾರ್ಲಿಂಗ್ಟನ್ ಪಟ್ಟಣದಲ್ಲಿ 1994ರಲ್ಲಿ ಸ್ಟೇಜ್‌ಕೋಚ್ ಸಮೂಹದ ಕಂಪನಿಯೊಂದು ಟಿಕೆಟ್ಟೇ ಇಲ್ಲದೆ ಉಚಿತವಾಗಿ ಬಸ್ಸು ಓಡಿಸಿತು. ಅಲ್ಲಿನ ಪುರಸಭೆಯ ಬಸ್ ಕಂಪನಿ ಕುಸಿದುಬಿತ್ತು. ಆ ನಡೆ ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂದು ಬ್ರಿಟನ್ನಿನ ಅಂದಿನ ಏಕಸ್ವಾಮ್ಯ ಮತ್ತು ವಿಲೀನ ಆಯೋಗ ಮರುವರ್ಷ ಕಟುವಾಗಿ ಹೇಳಿತು, ಆದರೆ ಅಷ್ಟರಲ್ಲಿ ಹಳೆಯ ಕಂಪನಿ ಇಲ್ಲವಾಗಿತ್ತು.

ಹೊಸ ಕಂಪನಿ ಬರುವುದು ಹೇಳಿದಷ್ಟು ಸುಲಭವಲ್ಲ. ಬಸ್ಸು ಬಾಡಿಗೆಗೂ ಸಿಕ್ಕೀತು, ಡಿಪೊ ಸಿಗದು. ರಾತ್ರಿ ನಿಲ್ಲಿಸಲು, ತೊಳೆಯಲು, ರಿಪೇರಿ ಮಾಡಲು, ಇಂಧನ ತುಂಬಿಸಲು ಊರಿಗೆ ಹತ್ತಿರದಲ್ಲೇ ಜಾಗ ಬೇಕು; ದೂರದ ಡಿಪೊದಿಂದ ಬಸ್ಸನ್ನು ದಿನವೂ ಖಾಲಿ ತರುವ ಖರ್ಚಿನಲ್ಲೇ ಲಾಭ ಕರಗಿಹೋಗುತ್ತದೆ. ಕಾಲಿಟ್ಟ ದಿನವೇ ಹಳಬರು ಅದೇ ಮಾರ್ಗಕ್ಕೆ ಹೆಚ್ಚು ಬಸ್ಸು ಬಿಟ್ಟು ಹಣಿಯುತ್ತಾರೆ ಎಂಬ ಭಯವೂ ಹೊಸಬರಿಗೆ ಇರುತ್ತದೆ. ಈಗ ಒಂದೇ ಮಾರ್ಗದಲ್ಲಿ ಓಡದಿದ್ದರೂ ಪಕ್ಕದಲ್ಲೇ ಡಿಪೊ ಇಟ್ಟುಕೊಂಡಿರುವ ಎರಡು ಕಂಪನಿಗಳ ವಿಲೀನವನ್ನು ಎಚ್ಚರದಿಂದ ನೋಡುವುದು ಇದೇ ಕಾರಣಕ್ಕೆ: ನಾಳೆ ಬರಬಹುದಾಗಿದ್ದ ಎದುರಾಳಿ ಇಂದೇ ಇಲ್ಲವಾಗುತ್ತದೆ. ಆದಾಯವಿಲ್ಲದ ಮಾರ್ಗಗಳನ್ನು ಸ್ಥಳೀಯ ಆಡಳಿತ ಟೆಂಡರ್ ಕರೆದು ಹಣ ಕೊಟ್ಟು ಓಡಿಸುವ ಕಡೆಗಳಲ್ಲಿ, ಟೆಂಡರ್ ಹಾಕುವವರು ಇಬ್ಬರಿದ್ದದ್ದು ಒಬ್ಬರಾದರೆ ಹೆಚ್ಚಿದ ಮೊತ್ತ ತೆರಿಗೆದಾರರ ತಲೆಯ ಮೇಲೆ ಬೀಳುತ್ತದೆ.

ಪ್ರಶ್ನೆ: ವಿಲೀನ ಆಗಿಯೇ ಹೋದರೆ ಮಾಡುವುದೇನು?

ಉತ್ತರ: ಆದ ಮೇಲೆ ಬಿಡಿಸುವುದು ಕಷ್ಟ, ಅಸಾಧ್ಯವಲ್ಲ. ಇಂಗ್ಲೆಂಡಿನ ಪ್ರೆಸ್ಟನ್ ನಗರದಲ್ಲಿ ನೌಕರರೇ ಒಡೆಯರಾಗಿದ್ದ ಪ್ರೆಸ್ಟನ್ ಬಸ್ ಕಂಪನಿಯೊಡನೆ 2007ರಿಂದ ಪೈಪೋಟಿಗಿಳಿದ ಸ್ಟೇಜ್‌ಕೋಚ್ 2009ರ ಜನವರಿಯಲ್ಲಿ ಅದನ್ನು ಕೊಂಡುಕೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ಸ್ಪರ್ಧಾ ಆಯೋಗ ಅದನ್ನು ಮಾರಬೇಕೆಂದು ತೀರ್ಮಾನಿಸಿತು. ರೊಟಾಲಾ ಎಂಬ ಮತ್ತೊಂದು ಕಂಪನಿಗೆ ಅದು ಹಸ್ತಾಂತರವಾದದ್ದು 2011ರ ಜನವರಿಯಲ್ಲಿ. ಎರಡು ವರ್ಷದಲ್ಲಿ ಚಾಲಕರು ಚದುರುತ್ತಾರೆ, ಮಾರ್ಗಗಳು ಬದಲಾಗುತ್ತವೆ. ಆದ್ದರಿಂದ ಆಕ್ಷೇಪಣೆಯನ್ನು ವಿಲೀನಕ್ಕೆ ಮುಂಚೆಯೇ ನಿಮ್ಮ ದೇಶದ ಸ್ಪರ್ಧಾ ಪ್ರಾಧಿಕಾರಕ್ಕೂ ಪರ್ಮಿಟ್ ನೀಡುವ ಸಾರಿಗೆ ಪ್ರಾಧಿಕಾರಕ್ಕೂ ಬರವಣಿಗೆಯಲ್ಲಿ ಕೊಡಿ.

ಷರತ್ತು ಕೇಳುವುದಾದರೆ, ನನ್ನ ಅಭಿಪ್ರಾಯದಲ್ಲಿ ದರ ಏರಿಸುವುದಿಲ್ಲವೆಂಬ ಮುಚ್ಚಳಿಕೆಗಿಂತ ಒಂದು ಡಿಪೊವನ್ನು ಅದರ ಬಸ್ಸು, ಸಿಬ್ಬಂದಿ, ಮಾರ್ಗಗಳ ಸಮೇತ ಬೇರೆಯವರಿಗೆ ಮಾರಿಸುವುದು ಮೇಲು. ಮುಚ್ಚಳಿಕೆಯ ಅವಧಿ ಮುಗಿಯುತ್ತದೆ, ಅದನ್ನು ದಿನದಿನವೂ ಕಾಯುವವರೂ ಬೇಕು. ಆಕ್ಷೇಪಣೆಯ ಜೊತೆಗೆ ಎರಡೂ ಕಂಪನಿಗಳು ಓಡುವ ಮಾರ್ಗಗಳ ಹೆಸರು, ಈಗಿನ ವೇಳಾಪಟ್ಟಿಯ ಪ್ರತಿ ಮತ್ತು ಒಬ್ಬರು ಟ್ರಿಪ್ ಹೆಚ್ಚಿಸಿದಾಗ ಮತ್ತೊಬ್ಬರೂ ಹೆಚ್ಚಿಸಿದ ಹಳೆಯ ಪ್ರಕಟಣೆಗಳನ್ನು ಲಗತ್ತಿಸಿ.