ಸ್ಪಿಟಲ್‌ಫೀಲ್ಡ್ಸ್‌ನ ಹಳೇ ಮನೆಯಲ್ಲಿ ರೂಮ್ ಹಿಡಿಯಬಹುದಾ?

ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ 1720ರ ದಶಕದ ಮನೆಯೊಂದರ ಮೊದಲ ಮಹಡಿಯಲ್ಲಿ ರೂಮ್ ನೋಡಿದ್ದೀರಿ. ಕಿಟಕಿ ಗಡಗಡ ಅನ್ನುತ್ತದೆ, ಮಾಲೀಕರು ಡಬಲ್ ಗ್ಲೇಜಿಂಗ್ (ಎರಡು ಪದರದ ಗಾಜು) ಆಗಲ್ಲ ಅಂತಾರೆ, ಹಿಡಿಯಲಾ ಬೇಡವಾ ಅಂತ ಕೇಳಿದ್ದೀರಿ. ಹಿಡಿಯಿರಿ. ಈ ಊರಿಗೆ ಬಂದ ಮೊದಲ ಮೂರು ಚಳಿಗಾಲ ನಾನು ಕಳೆದದ್ದು ಅಂಥದ್ದೇ ಮನೆಯಲ್ಲಿ.

ಮಾಲೀಕರು ಹೇಳುವುದು ನಿಜ. ಅಲ್ಲಿನ ಹಳೇ ಮನೆಗಳಲ್ಲಿ ಹೆಚ್ಚಿನವು ಲಿಸ್ಟೆಡ್ ಕಟ್ಟಡಗಳು, ಅಂದರೆ ಪಾರಂಪರಿಕ ಅಂತ ಕಾನೂನಿನ ರಕ್ಷಣೆ ಇರುವಂಥವು. ಕೌನ್ಸಿಲ್ ಒಪ್ಪಿಗೆ ಇಲ್ಲದೆ ಕಿಟಕಿ ಬದಲಿಸುವುದು ಅಪರಾಧ. ಹಳೇ ಕಿಟಕಿ ಹಾಗೇ ಬಿಟ್ಟು ಒಳಗಡೆ ಇನ್ನೊಂದು ಗಾಜು ಕೂರಿಸಬಹುದಾ ಅಂತ ಕೇಳಿ ನೋಡಿ.

ಹೊರಗೆ ನಿಂತು ಒಮ್ಮೆ ತಲೆಯೆತ್ತಿ ನೋಡಿ. ಇಟ್ಟಿಗೆ ಗೋಡೆ ಮೇಲಕ್ಕೆ ಎದ್ದು ಛಾವಣಿಯನ್ನು ಮರೆ ಮಾಡಿರುತ್ತದೆ, ಅಲ್ವಾ? ಅದು ಬೆಂಕಿಯ ಭಯ. 1666ರಲ್ಲಿ ಲಂಡನ್ ಸುಟ್ಟಿತ್ತು. ಸೂರಿನಂಚಿಗೆ ಮರದ ಪಟ್ಟಿ ಕೂಡದು ಅಂತ 1707ರಲ್ಲಿ ಕಾಯ್ದೆ ಬಂತು, ಅದಕ್ಕೇ ಇಟ್ಟಿಗೆ ಗೋಡೆಯನ್ನೇ ಮೇಲಕ್ಕೆ ಎತ್ತಿದರು. ಕಿಟಕಿ ಚೌಕಟ್ಟು ಗೋಡೆಯ ಹೊರಮೈಯಿಂದ 4 ಇಂಚು ಒಳಗಿರಲಿ ಅಂತ 1709ರಲ್ಲಿ ಇನ್ನೊಂದು.

ಕೆಲವು ಮನೆಗಳಲ್ಲಿ ಅಟ್ಟದ ಕಿಟಕಿ ಮಾತ್ರ ಗೋಡೆಯುದ್ದಕ್ಕೂ ಅಗಲವಾಗಿರುತ್ತದೆ. ಅಲ್ಲಿ ಮಗ್ಗ ಇರುತ್ತಿತ್ತು. ಫ್ರಾನ್ಸ್‌ನಲ್ಲಿ 1685ರಲ್ಲಿ ಪ್ರಾಟೆಸ್ಟೆಂಟರ ಹಕ್ಕು ಕಿತ್ತುಕೊಂಡಾಗ ಓಡಿಬಂದ ಹ್ಯೂಗನಾಟ್ ರೇಷ್ಮೆ ನೇಕಾರರು ಇಲ್ಲಿ ನೆಲೆ ನಿಂತರು. ಎಳೆ ಕಾಣಲು ಬೆಳಕು ಬೇಕಲ್ಲ. ನಮ್ಮದು ಮೊಳಕಾಲ್ಮೂರಿನ ನೇಕಾರರ ಮನೆ. ಅಜ್ಜ ಮಗ್ಗವನ್ನು ಕಿಟಕಿ ಪಕ್ಕಕ್ಕೇ ಹಾಕಿಸಿದ್ದರು. ಇಲ್ಲಿನ ಅಂಥದ್ದೊಂದು ಅಟ್ಟ ಹತ್ತಿ ನಿಂತ ದಿನ ನನಗೆ ಗಂಟಲು ಕಟ್ಟಿತು. ಪರದೇಶ ಅನ್ನುವ ಭಾರ ಅವತ್ತು ಸ್ವಲ್ಪ ಇಳಿಯಿತು.

ಈಗ ಚಳಿಯ ಮಾತು. ಕಿಟಕಿಯ ಎರಡೂ ಪಕ್ಕದ ಮರದ ಹಲಗೆ ಸುಮ್ನೆ ಅಲಂಕಾರಕ್ಕೆ ಅಂದುಕೊಂಡು ನಾನು ಒಂದಿಡೀ ಚಳಿಗಾಲ ನಡುಗಿದೆ. ಅವು ಕಿಟಕಿಯನ್ನು ಒಳಗಿಂದ ಮುಚ್ಚಲು ಮಡಚಿಟ್ಟ ಬಾಗಿಲುಗಳು. ಬಣ್ಣ ಮೇಲೆ ಬಣ್ಣ ಬಳಿದು ಅಂಟಿಕೊಂಡಿದ್ದವು. ಮಾಲೀಕರು ಚಾಕುವಿನಿಂದ ಸಂದು ಬಿಡಿಸಿ ಎಳೆದರು. ಒಳಗಿಂದ ನಾಲ್ಕು ಹಲಗೆ ಒಂದರ ಹಿಂದೊಂದು ಬಿಚ್ಚಿಕೊಂಡು ಬಂದವು. ಅಡ್ಡ ಕಬ್ಬಿಣದ ಪಟ್ಟಿ ಹಾಕಿದ ಕೂಡಲೇ ಗಾಳಿಯ ಸದ್ದು ಅಡಗಿತು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ಆಗಲೇ ಮುಚ್ಚಿಬಿಡಿ.

ಆದರೆ ಒಗ್ಗರಣೆ ಹಾಕಿದ ಮೇಲೆ ಕಿಟಕಿ ಸ್ವಲ್ಪ ತೆರೆಯಿರಿ. ಸುಣ್ಣದ ಗಾರೆಯ ಗೋಡೆಗೆ ಉಸಿರಾಡಲು ಗಾಳಿ ಬೇಕು. ಒದ್ದೆ ಬಟ್ಟೆ ಒಳಗೇ ಒಣಗಿಸಿದರೆ ಬೂಷ್ಟು ಜಾಸ್ತಿ.

ಸಹಿ ಹಾಕುವ ಮುಂಚೆ ಆ ಹಲಗೆ ಎಳೆದು ನೋಡಿ. ಅಂಟಿಕೊಂಡಿದ್ದರೆ ಮಾಲೀಕರಿಗೇ ಬಿಡಿಸಿಕೊಡಲು ಹೇಳಿ, ನೀವು ಚಾಕು ಹಾಕಬೇಡಿ.