ಮೊದಲು ಹೇಳಿ, ಪಾಚಿ ಹಿಂಡಿದ ಆ ಡಿಶ್ ಇನ್ನೂ ತೊಳೆದಿಲ್ಲ ತಾನೇ?

ಗೋಡೆ ಪಾಚಿಯಲ್ಲಿ ಸಿಕ್ಕ ನೀರುಕರಡಿ (ಟಾರ್ಡಿಗ್ರೇಡ್ ಅನ್ನುವ ಸೂಕ್ಷ್ಮ ಪ್ರಾಣಿ) ಪ್ರಭೇದ ಗುರುತಿಸುವ ಕೀ ಪ್ರಕಾರ ಮ್ಯಾಕ್ರೋಬಯೋಟಸ್ ಹುಫೆಲಾಂಡಿ ಅಂತ ಬಂತು, ಖಚಿತ ಮಾಡಿಕೊಳ್ಳೋಕೆ ಮೈಕ್ರೋಸ್ಕೋಪಿನ 40ಎಕ್ಸ್ ಲೆನ್ಸ್ ಸಾಕಾ, 100ಎಕ್ಸ್ ಬೇಕಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ಆಮೇಲೆ ಹೊಟ್ಟೆ ಚುರುಕ್ ಅಂತು. ಎಂಎಸ್ಸಿಯಲ್ಲಿ ನಾನೂ ಇದೇ ಹೆಸರು ಬರೆದು ಸಿಕ್ಕಿಬಿದ್ದವನು.

ಸಾಗರದಲ್ಲಿ ಅತ್ತೆ ಮನೆ. ಮಳೆಗಾಲದಲ್ಲಿ ಅವರ ಜಂಬಿಟ್ಟಿಗೆ ಕಾಂಪೌಂಡ್ ಮೇಲೆ ಪಾಚಿ ಕಂಬಳಿ ಹೊದ್ದ ಹಾಗೆ ಬೆಳೆಯುತ್ತದೆ. ಒಂದು ಹಿಡಿ ಕಿತ್ತು, ರಾತ್ರಿಯಿಡೀ ನೀರಲ್ಲಿ ನೆನೆಸಿ, ಬೆಳಿಗ್ಗೆ ಹಿಂಡಿದೆ. ತಳದಲ್ಲಿ ನಿಂತ ಗಸಿಯಲ್ಲಿ 23 ನೀರುಕರಡಿಗಳು! ಎಂಟು ಕಾಲು ಆಡಿಸಿಕೊಂಡು, ಹೋಗುವ ಅವಸರವೇ ಇಲ್ಲದ ಹಾಗೆ. ಗಂಟಲಿನ ಗುಂಡಿನಲ್ಲಿ ಸಾಲಿಗೆ ಎರಡು ದೊಡ್ಡ ಪ್ಲಾಕಾಯ್ಡ್ (ಗಟ್ಟಿ ಕಡ್ಡಿಯಂಥ ತುಣುಕು), ಪಕ್ಕದಲ್ಲೊಂದು ಚಿಕ್ಕದು. ಕೀ ಹುಫೆಲಾಂಡಿ ಅಂದಿತು. ನಾನೂ ಹೂಂ ಅಂದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಕ್ಷಮಿಸಿ.

ಅದೇ ಡಿಶ್‌ನಲ್ಲಿ ಮೈತುಂಬಾ ಮುಳ್ಳಿರುವ ದುಂಡು ಕಾಳುಗಳೂ ಇದ್ದವು. ಗೋಡೆ ಪಕ್ಕ ದಾಸವಾಳದ ಗಿಡ. ದಾಸವಾಳದ ಪರಾಗವೂ ದುಂಡಗೆ, ಮುಳ್ಳುಮುಳ್ಳು. ಪರಾಗ ಅಂದುಕೊಂಡು ಡಿಶ್ ತೊಳೆದು ಸಿಂಕಿಗೆ ಚೆಲ್ಲಿದೆ. ಅವು ಮೊಟ್ಟೆಗಳು! ಹತ್ತಿರದಿಂದ ನೋಡಿದ್ದರೆ ಗೊತ್ತಾಗುತ್ತಿತ್ತು: ಹುಫೆಲಾಂಡಿಯನ್ನು ಹೋಲುವ ಪ್ರಭೇದಗಳ ಗುಂಪಿನ ಮೊಟ್ಟೆ ಥೇಟ್ ಕದಂಬದ ಹೂವು. ದುಂಡು ಮೈ, ಸುತ್ತ ಗಿಡ್ಡ ಕಾಂಡಗಳು, ಪ್ರತಿ ಕಾಂಡದ ತುದಿಗೆ ಅಗಲವಾದ ತಟ್ಟೆ. ಪರಾಗದ ಮುಳ್ಳಿಗೆ ತಟ್ಟೆ ಎಲ್ಲಿರುತ್ತದೆ?

ಇದು ಯಾಕೆ ಅಷ್ಟು ಮುಖ್ಯ ಅಂದರೆ, ಈ ಗುಂಪಿನ ಪ್ರಾಣಿಗಳು ನೋಡೋಕೆ ಹೆಚ್ಚುಕಡಿಮೆ ಒಂದೇ. ಬೇರೆ ಬೇರೆ ಅಂತ ತೋರಿಸಿಕೊಡುವುದು ಬಹಳ ಸಲ ಮೊಟ್ಟೆ. ತಟ್ಟೆಯ ಅಂಚಿಗೆ ಹಲ್ಲಿದೆಯಾ, ಕಾಂಡಗಳ ನಡುವಿನ ಚಿಪ್ಪು ಬಲೆಯ ಹಾಗಿದೆಯಾ ಅಥವಾ ನುಣುಪಾಗಿದೆಯಾ, ಇಂಥವು. ಅದನ್ನೇ ಚೆಲ್ಲಿದ್ದೆ. ಸಾಲದ್ದಕ್ಕೆ 23ನ್ನೂ ಹೋಯರ್ಸ್ ದ್ರವದಲ್ಲಿ (ಮಾದರಿಯನ್ನು ಗಾಜಿನ ಮೇಲೆ ಕೂರಿಸುವ ದ್ರವ) ಸ್ಲೈಡ್ ಮಾಡಿಬಿಟ್ಟೆ. ಐದನ್ನು ಆಲ್ಕೊಹಾಲಿನಲ್ಲಿ ಎತ್ತಿಟ್ಟಿದ್ದರೆ ಡಿಎನ್‌ಎ ದಾರಿಯಾದರೂ ಉಳಿಯುತ್ತಿತ್ತು. ಒಂದನ್ನೂ ಇಡಲಿಲ್ಲ.

ವೈವಾದಲ್ಲಿ ಹೊರಗಿನಿಂದ ಬಂದ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಮೊಟ್ಟೆ ಎಲ್ಲಿ?" ಮಾರನೇ ದಿನವೇ ಸಾಗರಕ್ಕೆ ಬಸ್ ಹತ್ತಿದೆ. ದೀಪಾವಳಿ ಬಂತಲ್ಲೋ ಅಂತ ಅತ್ತೆ ಕಾಂಪೌಂಡ್ ಉಜ್ಜಿಸಿ ಸುಣ್ಣ ಹೊಡೆಸಿದ್ದರು. ಬೆಳ್ಳಗೆ ಹೊಳೆಯುತ್ತಿತ್ತು.

ಹಾಗಾಗಿ ನಿಮ್ಮ 40, 100ರ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. 100ಎಕ್ಸ್ ಆಯಿಲ್ ಲೆನ್ಸ್, ಪಾರದರ್ಶಕ ಭಾಗಗಳನ್ನು ಎದ್ದು ಕಾಣಿಸುವ ಫೇಸ್ ಕಾಂಟ್ರಾಸ್ಟ್ ಬೇಕೇ ಬೇಕು, ಅದು ಸರಿ. ಆದರೆ ಲೆನ್ಸ್ ಬದಲಿಸಿದರೆ ಇಲ್ಲದ ಮೊಟ್ಟೆ ಕಾಣುತ್ತಾ?

ಇನ್ನು, "ಎಲ್ಲಾ ಕಡೆ ಸಿಗುವ ಪ್ರಭೇದ, ಇಲ್ಲೂ ಅದೇ ಇರುತ್ತೆ ಅಲ್ವಾ" ಅಂತ ಬರೆದಿದ್ದೀರಿ. ಇದೇ ಬಲೆ. ಹುಫೆಲಾಂಡಿ ಅನ್ನುವ ಹೆಸರು ಶುಲ್ಟ್ಸೆ ಎಂಬ ವಿಜ್ಞಾನಿ 1834ರಲ್ಲಿ ಕೊಟ್ಟದ್ದು. ನೂರೈವತ್ತು ವರ್ಷ ಇದೇ ತರಹ ಕಂಡದ್ದಕ್ಕೆಲ್ಲ ಜನ ಅದೇ ಹೆಸರು ಅಂಟಿಸಿದರು. ಎಲ್ಲಾ ಕಡೆ ಸಿಕ್ಕಿದ್ದರಲ್ಲಿ ಆಶ್ಚರ್ಯ ಏನಿದೆ? 1993ರಲ್ಲಿ ಬೆರ್ಟೊಲಾನಿ, ರೆಬೆಕ್ಕಿ ಎಂಬ ಇಬ್ಬರು ವಿಜ್ಞಾನಿಗಳು ಆ ಪ್ರಭೇದವನ್ನು ಮತ್ತೆ ವಿವರವಾಗಿ ಬರೆದು, ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್‌ನ ಮಾದರಿಗೆ ಆ ಹೆಸರನ್ನು ಗಟ್ಟಿಯಾಗಿ ಕಟ್ಟಿಹಾಕಿದರು. ಈಗ ಆ ಗುಂಪಿನಲ್ಲೇ ಹತ್ತಾರು ಪ್ರಭೇದಗಳಿವೆ. ನಿಮ್ಮ ಗೋಡೆಯದ್ದು ಜರ್ಮನಿಯದ್ದೇ ಅಂತ ಯಾವ ಧೈರ್ಯದ ಮೇಲೆ ಬರೆಯುತ್ತೀರಿ? ಸುಮ್ನೆ "ಹುಫೆಲಾಂಡಿ ಗುಂಪು" ಅಂತ ಬರೆಯಿರಿ. ಅದರಲ್ಲಿ ಅವಮಾನ ಏನೂ ಇಲ್ಲ. (ಮಿಲ್ನೀಸಿಯಂ ಅನ್ನುವ ಬೇರೆ ಜಾತಿಯ ನೀರುಕರಡಿ ಸಿಕ್ಕಿದ್ದರೆ ಕಥೆಯೇ ಬೇರೆ. ಅದು ನುಣುಪು ಮೊಟ್ಟೆಗಳನ್ನು ತಾನು ಕಳಚಿದ ಪೊರೆಯೊಳಗೇ ಇಡುತ್ತದೆ.)

ಮೊಟ್ಟೆ ಸಿಕ್ಕರೆ ಒಂದೆರಡನ್ನು ಬೇರೆ ಬೇರೆ ನೀರಿನ ಹನಿಯಲ್ಲಿಟ್ಟು ಮರಿಯಾಗಲು ಬಿಡಿ. ಒಂದೇ ಪಾಚಿಯಲ್ಲಿ ಎರಡು ಪ್ರಭೇದ ಇರುವುದು ಮಾಮೂಲು, ಯಾರ ಮೊಟ್ಟೆ ಯಾರದ್ದು ಅಂತ ಗೊತ್ತಾಗಬೇಕಲ್ಲ. ಮರಿ ಬಲಿತ ಮೊಟ್ಟೆಯಾದರೆ ಚಿಪ್ಪಿನ ಮೂಲಕವೇ ಬಾಯಿನಳಿಕೆ ಕಾಣುವುದೂ ಉಂಟು. ಮತ್ತೆ ಪಾಚಿ ಅರ್ಧ ಕೀಳಿ, ಇನ್ನರ್ಧ ಒಣಗಿಸಿ ಪೇಪರ್ ಕವರಿನಲ್ಲಿ ಇಡಿ. ಗೋಡೆ ಯಾರದ್ದೇ ಆಗಿರಲಿ, ಹಬ್ಬ ಯಾವಾಗ ಅಂತ ಕೇಳಿಕೊಂಡು ಬನ್ನಿ.